ಜರಿಯ ನೊಣ

ಮೇ ತಿಂಗಳಲ್ಲಿ ತುಂಗೆ ತನ್ನ ಮೂಳೆ ತೋರಿಸುತ್ತಾಳೆ.
ತೀರ್ಥಹಳ್ಳಿಯಿಂದ ಕೆಳಗೆ, ಬಸ್ಸು ನಿಲ್ಲದ ಕಡೆ,
ಹಾಸುಬಂಡೆ, ಒಣಗಿದ ಪಾಚಿ,
ಯಾರೋ ಮರೆತುಹೋದ ಸೋಪಿನ ಡಬ್ಬಿ.
ಮಂಗಳವಾರ ಅಂಗಡಿಯ ಶಟರು ಎಳೆದು
ಐದೂವರೆಗೆ ಇಲ್ಲಿಗೆ ಬರುತ್ತೇನೆ. ಚೂಡಿದಾರದ ಕಾಲು ಮಡಚಿ
ಮೊಣಕಾಲುಮಟ್ಟ ನೀರಿಗಿಳಿಯುತ್ತೇನೆ,
ಕೈಯಲ್ಲಿ ಸೀಳುಬಿದಿರಿನ ಕೋಲು.

ಕೋಲು ಪಾಸ್ಕಲ್ ಬಾಪ್ಪುವಿನದು. ಅವನಿಗೆ ಅದು ಸಿಕ್ಕಿದ್ದು
ಕಾಫಿ ಎಸ್ಟೇಟಿನ ದೊರೆ ಜೀಪಿನ ಸಮೇತ ಬಿಟ್ಟುಹೋದಾಗ.
ಜೀಪು ಕೆಟ್ಟಿತು. ಕೋಲು ಉಳಿಯಿತು.
ದೊರೆ ಹೇಳುತ್ತಿದ್ದನಂತೆ: ನೀಲಗಿರಿಯ ತಣ್ಣೀರಲ್ಲಿ
ಟ್ರೌಟ್ ಎಂಬ ಮೀನುಂಟು, ಮೈತುಂಬ ಚುಕ್ಕಿ,
ನೊಣ ಕಂಡರೆ ಗಾಳಿಗೆ ಹಾರುತ್ತದೆ,
ಎರೆಹುಳು ಕಂಡರೆ ಮೂಗು ಮುರಿಯುತ್ತದೆ.
"ನಮ್ಮ ಹೊಳೇಲಿ ಅಂಥ ದೊಡ್ಡಸ್ತಿಕೆ ಮೀನಿಲ್ಲ ಸೆವ್ರೀ,
ಇರೋದಕ್ಕೇ ಅಭ್ಯಾಸ ಮಾಡಿಸ್ಬೇಕು."

ಅಭ್ಯಾಸ ಮಾಡಿಸಿದ್ದು ನನಗೆ.
ಗಡಿಯಾರದ ಹತ್ತಕ್ಕೂ ಒಂದಕ್ಕೂ ನಡುವೆ ಕೋಲು ಆಡಬೇಕು,
ಬೆನ್ನ ಹಿಂದೆ ಎಸೆದ ದಾರ
ಪೂರ್ತಿ ಬಿಚ್ಚಿಕೊಳ್ಳುವ ತನಕ ಕಾಯಬೇಕು.
ಅಲ್ಲೇ ಸೋಲುತ್ತಿದ್ದೆ. ಹಿಂದೆ ಹೋದದ್ದನ್ನು
ತಿರುಗಿ ನೋಡದೆ ಕಾಯುವುದು ಹೇಗೆ?
ಎಷ್ಟೋ ಸಲ ದಡದ ಪೊದೆ ಹಿಡಿದೆ,
ಒಮ್ಮೆ ಬಾಪ್ಪುವಿನ ಟೋಪಿ.

ನೊಣಗಳನ್ನು ಈಗ ನಾನೇ ಕಟ್ಟುತ್ತೇನೆ.
ಹೊಲಿಗೆ ಯಂತ್ರದ ಪಕ್ಕ ಒಂದು ಚಿಮಟ, ಪುಟ್ಟ ಇಕ್ಕಳ,
ಪಕ್ಕದ ಮನೆ ಹುಂಜದ ಕೊರಳ ಗರಿ.
ಉಳಿದದ್ದೆಲ್ಲ ಗಿರಾಕಿಗಳ ಋಣ:
ವೀಣಾ ಟೀಚರ್ ಸೀರೆಯ ನವಿಲುನೀಲಿ,
ಮೈಮುನಾಳ ನಿಕಾಹದ ಕುಪ್ಪಸದಿಂದ ಇಣುಕಿದ ಒಂದೆಳೆ ಜರಿ,
ಸುಗುಣಕ್ಕ ವರ್ಷಕ್ಕೆರಡು ಸಲ ಬಿಚ್ಚಿಸಿ ಅಗಲ ಮಾಡಿಸುವ
ಕಂದು ರವಿಕೆಯ ಹಳೇ ನೂಲು.
ಕೇಳಿದರೆ ಏನಂದಾರು? ಕೇಳಿಲ್ಲ.
ಅವರ ಮದುವೆ ಮುಂಜಿಗಳೆಲ್ಲ
ಹನ್ನೆರಡನೇ ನಂಬರಿನ ಕೊಕ್ಕೆ ಮೇಲೆ ಕೂತು ಒದ್ದೆಯಾಗುತ್ತವೆ.

ಬೆಳಕು ಇಳಿಯುವ ಹೊತ್ತು. ನೀರಿನಿಂದ ನಿಜವಾದ ಹುಳಗಳೇ ಏಳುತ್ತಿದ್ದವು,
ಅವುಗಳ ನಡುವೆ ನನ್ನದೊಂದು ಸುಳ್ಳು
ಜರಿ ಮಿಂಚಿಸಿಕೊಂಡು ಬಂಡೆ ಬದಿಯ ಸುಳಿಗೆ ತೇಲಿತು.
ದಡದಲ್ಲಿ ಎಮ್ಮೆ ಹೊಡೆದುಕೊಂಡು ಬಂದ ಹುಡುಗ ಕೇಳಿದ,
"ಅಕ್ಕಾ, ಬಲೆ ತಗಳಕ್ಕೆ ದುಡ್ಡಿಲ್ವಾ?"
ಉತ್ತರ ಹುಡುಕುತ್ತಿರುವಾಗ
ಸುಳಿ ಬಾಯಿ ತೆರೆಯಿತು.

ಎಳೆತ ಕೈಗೆ ಬರುವ ಮೊದಲು ಹೊಟ್ಟೆಗೆ ಬರುತ್ತದೆ.
ದಾರ ನೀರು ಸೀಳಿತು,
ಸೀಮೆಸುಣ್ಣದ ಗೆರೆಗುಂಟ ಕತ್ತರಿ ಓಡಿದ ಹಾಗೆ.
ಕೊಟ್ಟೆ, ಎಳೆದೆ, ಮತ್ತೆ ಕೊಟ್ಟೆ. ಕಾಲಡಿಯ ಕಲ್ಲು ಜಾರಿ
ಸೊಂಟದವರೆಗೂ ತುಂಗೆ.

ಮಾಸೀರು ಮರಿ. ಮೊಳಕ್ಕೆ ನಾಲ್ಕು ಬೆರಳು ಕಮ್ಮಿ;
ಅಳತೆಯಲ್ಲಿ ಸುಳ್ಳು ಹೇಳುವುದಿಲ್ಲ, ಕಸುಬು.
ಒಂದೊಂದು ಹುರುಪೆಯೂ ಪಿಕೋ ಮಾಡಿದ ಅಂಚು.
ತುಟಿಯ ಮೂಲೆಯಲ್ಲಿ ಇನ್ನೊಂದು ಕೊಕ್ಕೆ, ತುಕ್ಕು ಹಿಡಿದದ್ದು.
ಬಾಪ್ಪು ಕಟ್ಟಿದ್ದಾಗಿದ್ದರೆ ಕತೆಯಾಗುತ್ತಿತ್ತು.
ಅವನು ಹೋಗಿ ಮೂರು ಬೇಸಿಗೆ.
ಇದು ಸಂತೆಯ ಕೊಕ್ಕೆ, ಜೊತೆಗೆ ಗೇಣುದ್ದ ಹಸಿರು ನೈಲಾನು,
ಯಾರದೋ ಭಾನುವಾರ, ಯಾರ ಮನೆಯದೋ ಸಾರು.
ಎರಡನ್ನೂ ಬಿಡಿಸಿದೆ. ಹೊಲಿಗೆ ಬಿಚ್ಚುವುದರಲ್ಲಿ ನನ್ನ ಕೈ ಹಗುರ,
ಬಟ್ಟೆಗೇ ಗೊತ್ತಾಗಬಾರದು.

ಹರಿವಿಗೆ ಮುಖ ಮಾಡಿ ಹಿಡಿದೆ.
ಕಿವಿರು ತೆರೆಯಿತು, ಮುಚ್ಚಿತು, ತೆರೆಯಿತು,
ಆಮೇಲೆ ಅಂಗೈಯಲ್ಲಿ ಬರೀ ನೀರು.
"ಬಿಟ್ಟೇಬಿಟ್ಯಲ್ಲಕ್ಕಾ!" ಹುಡುಗ ಎದ್ದು ನಿಂತಿದ್ದ.
ಅವನ ಎಮ್ಮೆಯೂ ನನ್ನನ್ನೇ ನೋಡುತ್ತಿತ್ತು.

ಕತ್ತಲಲ್ಲಿ ನೊಣ ತಡವಿ ನೋಡಿದರೆ
ಗರಿ ಉಂಟು, ನೀಲಿ ಉಂಟು, ಜರಿಯ ಎಳೆ ಇಲ್ಲ.
ನಾಳೆ ಮೈಮುನಾ ಬರುತ್ತಾಳೆ, ತೋಳು ಸಡಿಲ ಮಾಡಿಸಲು.
ಹತ್ತು ರೂಪಾಯಿ ಕಡಿಮೆ ತೆಗೆದುಕೊಳ್ಳುತ್ತೇನೆ.
ಯಾಕೆ ಅಂತ ಕೇಳಿದರೆ
ಮಳೆಗಾಲ ಹತ್ತಿರ ಬಂತಲ್ಲ, ಅನ್ನುತ್ತೇನೆ.